ಎತ್ತಿನ ಹಟ್ಟಿಗೆ ಕುರಿ ಬಂದ ಬಗೆ: ಜತ್ತ–ಮಂಗಳವೇಢೆ ಸೀಮೆಯ ಒಕ್ಕಲುತನದ ಒಂದು ಅಧ್ಯಾಯ

ಹಾಲುಮತ ಪುರಾಣದ ಬಹುಪಾಲು ಪಾಠಗಳಲ್ಲಿ ಒಂದು ಹುತ್ತ ಬರುತ್ತದೆ. ಬೇಸಾಯದ ಮನೆ, ಅಣ್ಣಂದಿರು ದುಡಿಯುವವರು, ಕಿರಿಯವನು ಉಂಡು ತಿರುಗುವವನು. ಪದ್ಮಣ್ಣ, ಪದ್ಮಗೊಂಡ ಎಂದು ಬೇರೆ ಬೇರೆ ಕಡೆಗಳಲ್ಲಿ ಹೆಸರು ಬದಲಾಗುವ ಈ ಕಿರಿಯವನನ್ನು ಅಣ್ಣಂದಿರು ಒಂದು ದಿನ ಹೊಲಕ್ಕೆ ಅಟ್ಟುತ್ತಾರೆ. ಅವನು ಹೂಡಿದ ನೇಗಿಲು ಹುತ್ತಕ್ಕೆ ತಾಗುತ್ತದೆ, ಹುತ್ತ ಒಡೆದು ಕುರಿಗಳು ಹೊರಬರುತ್ತವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಿಂದ ಮೊದಲುಗೊಂಡು ಇಂದಿನ ಜಾನಪದ ಸಂಗ್ರಹಗಳವರೆಗೆ ಈ ಕಥೆಯನ್ನು ಒಂದು ಜಾತಿಯ ಮೂಲಕಥೆಯೆಂದೇ ಓದುತ್ತ ಬರಲಾಗಿದೆ. ಆ ಓದು ತಪ್ಪೇನಲ್ಲ. ಆದರೆ ಕಥೆಯನ್ನು ನೇಗಿಲಿಗೆ ಹೂಡಿದ ಎತ್ತುಗಳ ಕಡೆಯಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಕುರಿ ಬರುವುದಕ್ಕೆ ಮುಂಚೆಯೇ ಆ ಮನೆಯಲ್ಲಿ ಹೊಲವಿದೆ, ನೇಗಿಲಿದೆ, ಎತ್ತಿದೆ. ಕುರಿ ಅಲ್ಲಿಗೆ ಎರಡನೆಯದಾಗಿ ಬಂದ ಪ್ರಾಣಿ. ಅದನ್ನು ತಂದವನು ಮನೆಯ ಯಜಮಾನನಲ್ಲ, ಮನೆಯಲ್ಲಿ ಬೆಲೆಯಿಲ್ಲದ ಕಿರಿಯ ಮಗ.

ಕುರುಬರ ಒಳಪಂಗಡಗಳಾದ ಹತ್ತಿಕಂಕಣ, ಉಣ್ಣಿಕಂಕಣಗಳ ಹೆಸರಿನಲ್ಲಿಯೂ ಈ ನೆನಪಿನ ತುಣುಕೊಂದು ಉಳಿದಿದೆ. ಅಡವಿಯಲ್ಲಿ ನಡೆದ ಮದುವೆಯಲ್ಲಿ ಹತ್ತಿಯ ನೂಲು ಸಿಗದೆ ಉಣ್ಣೆಯ ಎಳೆಯನ್ನೇ ಕಂಕಣವಾಗಿ ಕಟ್ಟಲಾಯಿತೆಂಬುದು ಅದಕ್ಕೆ ಹೇಳುವ ಒಂದು ವಿವರಣೆ. ಹತ್ತಿ ಹೊಲದ ಬೆಳೆ, ಉಣ್ಣೆ ಹಿಂಡಿನ ಬೆಳೆ. ಎರಡು ಜೀವನಕ್ರಮಗಳು ಒಂದೇ ಮನೆತನದ ಎರಡು ಕವಲುಗಳೆಂದು ಪುರಾಣ ತಾನೇ ಒಪ್ಪಿಕೊಂಡಿದೆ. ದನಗಾರ, ಕುರಿಗಾರ, ಒಕ್ಕಲಿಗ ಎಂದು ಮೂರು ಖಾನೆಗಳನ್ನು ಮಾಡಿಟ್ಟವರು ಮುಂದಿನ ಕಾಲದ ಬರಹಗಾರರು.

ಸಾಂಗಲಿ ಜಿಲ್ಲೆಯ ಜತ್ತ, ಆಟಪಾಡಿ ಮತ್ತು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ, ಸಾಂಗೋಲೆ ತಾಲ್ಲೂಕುಗಳ ಒಕ್ಕಲುತನದ ಇತಿಹಾಸವನ್ನು ಈ ಖಾನೆಗಳನ್ನು ಬದಿಗಿಟ್ಟು ಓದಬೇಕಾಗುತ್ತದೆ. ಕೃಷ್ಣೆ-ಭೀಮೆಗಳ ನಡುವಿನ ಈ ಸೀಮೆ ಮಳೆನೆರಳಿನ ನಾಡು. ಮುಂಗಾರಿನ ಮೇಲೆ ನಂಬಿಕೆ ಕಡಿಮೆ. ಹಿಂಗಾರಿಯ ಬಿಳಿಜೋಳವೇ ಮುಖ್ಯ ಬೆಳೆ. ಮಂಗಳವೇಢೆಯ ಎರೆಹೊಲಗಳ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎರೆ ಮುಗಿದಲ್ಲಿಂದ ಕಲ್ಲು ಮಡ್ಡಿ ಮೊದಲಾಗುತ್ತದೆ. ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು, ಆಟಪಾಡಿ ಔಂಧ್ ಸಂಸ್ಥಾನದ ಬಿಡಿ ತುಂಡಾಗಿತ್ತು. 1948ರ ವಿಲೀನದ ಬಳಿಕ ಇವು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿದವು; ಆ ಜಿಲ್ಲೆಗೆ 1960ರಲ್ಲಿ ಸಾಂಗಲಿಯೆಂಬ ಹೆಸರು ಬಂದಿತು. ಜತ್ತದ ಪೂರ್ವಭಾಗದ ಊರುಗಳಲ್ಲಿ ಮನೆಮಾತು ಇಂದಿಗೂ ಕನ್ನಡ.

ಈ ನಾಡಿನ ಹೆಸರು ಹೊರಗೆ ತಿಳಿದದ್ದು ಖಿಲಾರಿ ಎತ್ತುಗಳಿಂದ. ಖಿಲ್ಲಾರವೆಂದರೆ ಮರಾಠಿಯಲ್ಲಿ ದನದ ಹಿಂಡು. ಬಿಳಿಮೈ, ಹಿಂದಕ್ಕೆ ಬಾಗಿ ಮೇಲಕ್ಕೆ ಏರಿದ ಕೊಂಬು, ಬಿರುಸು ನಡೆಯ ಈ ತಳಿ ಮೈಸೂರು ಸೀಮೆಯ ಹಳ್ಳಿಕಾರಿನ ಸಂಬಂಧಿಯೆಂದು ಪಶುತಜ್ಞರು ಹೇಳುತ್ತ ಬಂದಿದ್ದಾರೆ. ಆಟಪಾಡಿ ಮಹಾಲ ಮತ್ತು ಮ್ಹಸವಡಗಳ ಹೆಸರಿನಲ್ಲಿ ಅದರ ಬಗೆಗಳನ್ನು ಗುರುತಿಸುತ್ತಾರೆ. ಹಾಲು ಕಡಿಮೆ, ಆದರೆ ಹಾಲಿಗಾಗಿ ಅದನ್ನು ಸಾಕಿದವರು ಯಾರೂ ಇಲ್ಲ. ಹೋರಿಗರು ಹುಟ್ಟಲಿ ಎಂದೇ ಆಕಳನ್ನು ಸಾಕುತ್ತಿದ್ದರು. ಒಂದು ಜೋಡಿ ಖಿಲಾರಿ ಎತ್ತು ಬಾಗಿಲ ಮುಂದೆ ನಿಂತಿದೆಯೆಂದರೆ ಆ ಮನೆಗೆ ಹೆಣ್ಣು ಕೊಡಬಹುದು, ಸಾಲ ಕೊಡಬಹುದು. ಕನ್ನಡದ ‘ದನ’ ಶಬ್ದ ಸಂಸ್ಕೃತದ ‘ಧನ’ದಿಂದ ಬಂದದ್ದೆಂಬ ಕೋಶದ ಮಾತು ಇಲ್ಲಿ ಬರಿಯ ವ್ಯುತ್ಪತ್ತಿಯಲ್ಲ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ತುರುಗಾಳಗದವು ಎಷ್ಟೊಂದು! ತುರುವಿಗಾಗಿ ಸತ್ತವನಿಗೆ ಕಲ್ಲು ನಿಂತಿತು, ಅಪ್ಸರೆಯರು ಬಂದರು, ಕೈಲಾಸ ದಕ್ಕಿತು. ಕುರಿಗೆ ಅಂಥ ಗೌರವ ಬಂದದ್ದು ಶಿಲ್ಪದಲ್ಲಲ್ಲ, ಡೊಳ್ಳಿನ ಹಾಡಿನಲ್ಲಿ.

ಆದರೂ ದನವಿದ್ದ ಮನೆಗೆ ಕುರಿ ಬೇಕಿತ್ತು. ಮೊದಲಿಗೆ ಅದು ಬಂದದ್ದು ಒಡೆತನದ ರೂಪದಲ್ಲಲ್ಲ, ಗೊಬ್ಬರದ ರೂಪದಲ್ಲಿ. ದನದ ಸಗಣಿಗೆ ಇಬ್ಬರು ಹಕ್ಕುದಾರರು: ಒಲೆ ಮತ್ತು ತಿಪ್ಪೆ. ಕಟ್ಟಿಗೆ ಇಲ್ಲದ ಬಯಲು ನಾಡಿನಲ್ಲಿ ಅರ್ಧಕ್ಕರ್ಧ ಸಗಣಿ ಕುಳ್ಳಾಗಿ ಸುಟ್ಟುಹೋಗುತ್ತಿತ್ತು. ಉಳಿದದ್ದು ತಿಪ್ಪೆಯಲ್ಲಿ ಕೊಳೆತು, ಬಂಡಿಯಲ್ಲಿ ಹೇರಿ, ಊರ ಹತ್ತಿರದ ಹೊಲಗಳನ್ನಷ್ಟೇ ಮುಟ್ಟುತ್ತಿತ್ತು. ದೂರದ ಹೊಲಕ್ಕೆ ಗೊಬ್ಬರ ಹೋಗಬೇಕಾದರೆ ಅದು ತನ್ನ ಕಾಲಿನ ಮೇಲೆಯೇ ನಡೆದು ಹೋಗಬೇಕು! ಕುರಿ ಮಾಡಿದ್ದು ಅದನ್ನೇ. ಜೋಳದ ಸುಗ್ಗಿಯಾಗಿ ಹೊಲ ಬರಿದಾದ ಮೇಲೆ ಒಕ್ಕಲಿಗ ಕುರುಬನನ್ನು ಕರೆದು ಹಿಂಡನ್ನು ರಾತ್ರಿ ಹೊಲದಲ್ಲಿ ತರುಬಿಸುತ್ತಿದ್ದ. ಹಿಕ್ಕೆಯ ಜೊತೆಗೆ ಗಂಜಲವೂ ನೇರವಾಗಿ ಮಣ್ಣಿಗೆ ಇಳಿಯುತ್ತಿತ್ತು. ಹಾದಿಯಲ್ಲಿ ಒಣಗಿ ಸಾರ ಕಳೆದುಕೊಳ್ಳುವ ಮಾತಿಲ್ಲ. ಹಿಂಡು ಎಷ್ಟು ದೊಡ್ಡದು, ಎಷ್ಟು ರಾತ್ರಿ ನಿಂತಿತು ಎಂಬುದರ ಮೇಲೆ ಜೋಳದ ಲೆಕ್ಕ. ಕುರಿಗಾರನಿಗೆ ಆ ದಿನಗಳ ಊಟವೂ ಹೊಲದವನದೇ. ದಿನದ ಹೊತ್ತು ಕುರಿ ಕೂಳೆಯನ್ನೂ ಕಸವನ್ನೂ ಮೇಯುತ್ತಿತ್ತು. ದನ ನಾಲಗೆ ಚಾಚಿ ಸುತ್ತಿಕೊಳ್ಳುವಷ್ಟು ಎತ್ತರದ ಹುಲ್ಲನ್ನು ಬಯಸುತ್ತದೆ. ಸೀಳುತುಟಿಯ ಕುರಿ ನೆಲಕ್ಕಂಟಿದ್ದನ್ನೂ ಕಚ್ಚಿ ತೆಗೆಯಬಲ್ಲುದು. ಒಂದರ ಹಿಂದೆ ಒಂದು ಮೇದರೆ ಜಗಳವಿಲ್ಲ. ಮುಂದೆ ಕುರಿ ಹೋದರೆ ದನಕ್ಕೆ ಉಳಿಯುವುದೇನೂ ಇಲ್ಲ. ಕುರಿ ತುಳಿದ ಹುಲ್ಲನ್ನು ದನ ಮೂಸುವುದಿಲ್ಲವೆಂಬ ರೈತರ ದೂರಿನ ಹಿಂದೆ ಈ ಸರದಿಯ ಅನುಭವವೂ ಇದ್ದೀತು.

ಎರಡನೆಯ ಹೆಜ್ಜೆ ಪಾಲು. ಒಕ್ಕಲಿಗ ನಾಲ್ಕಾರು ಹೆಣ್ಣುಕುರಿ ಕೊಂಡು ಪರಿಚಯದ ಕುರುಬನ ಹಿಂಡಿಗೆ ಬಿಡುತ್ತಾನೆ. ಹುಟ್ಟಿದ ಮರಿಗಳಲ್ಲಿ ಅರ್ಧ ಇವನಿಗೆ, ಅರ್ಧ ಅವನಿಗೆ. ಹಿಂಡು ಮನೆಯ ಮುಂದೆ ಇಲ್ಲ, ಹೆಸರೂ ಇಲ್ಲ, ಕಂಬಳಿಯ ವಾಸನೆಯೂ ಇಲ್ಲ. ಮರ್ಯಾದೆಗೆ ಧಕ್ಕೆಯಾಗದೆ ಕುರಿಯ ಒಡೆಯನಾಗುವ ಈ ದಾರಿ ಎಷ್ಟು ಹಳೆಯದೋ, ಕಂದಾಯದ ದಫ್ತರಗಳಲ್ಲಿ ಅದು ಕಾಣುವುದಿಲ್ಲ. ಜನಗಣತಿಯವನು ಬಂದಾಗ ಕುರಿ ಇದ್ದದ್ದು ಧನಗರನ ಬಳಿ, ಎತ್ತು ಇದ್ದದ್ದು ಲಿಂಗಾಯತನ ಅಥವಾ ಮರಾಠನ ಬಳಿ. ಅವನು ಕಂಡದ್ದನ್ನೇ ಬರೆದುಕೊಂಡ. ಕೂಡೊಕ್ಕಲು ಎರಡು ಜಾತಿಗಳಾಗಿ ಒಡೆದು ದಾಖಲೆಗೆ ಏರಿತು.

ಮೂರನೆಯ ಹೆಜ್ಜೆಯನ್ನು ಇಡಿಸಿದ್ದು ಬರ. ಇದಕ್ಕೆ ಹಿನ್ನೆಲೆಯಾಗಿ ಮೇವಿನ ನೆಲದ ಕಥೆಯನ್ನು ಗಮನಿಸಬೇಕು. ಮರಾಠರ ಕಾಲದಲ್ಲಿ ಹುಲ್ಲುಗಾವಲುಗಳನ್ನು ಕುರಣಗಳೆಂದು ಕಾಯ್ದಿಡುವ ರೂಢಿಯಿತ್ತು, ಕುದುರೆಗೂ ಸರಕಾರದ ದನಕ್ಕೂ. 1835ರಲ್ಲಿ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಮೊದಲುಮಾಡಿದ ಮುಂಬಯಿ ಸರ್ವೇ ಪದ್ಧತಿ ತೆರಿಗೆಯ ಭಾರ ಇಳಿಸಿತು, ಬೀಳು ನೆಲವನ್ನು ಸಾಗುವಳಿಗೆ ಎಳೆಯಿತು. ರೈತನಿಗೆ ಅದು ಒಳಿತೇ. ಆದರೆ ಬೀಳು ಎಂದು ಬರೆದ ನೆಲ ದನದ ಪಾಲಿಗೆ ಬೀಳಾಗಿರಲಿಲ್ಲ, ಊಟವಾಗಿತ್ತು. 1878ರ ಅರಣ್ಯ ಕಾಯಿದೆಯ ಬಳಿಕ ಉಳಿದ ಕಾಡುಗಳಿಗೂ ಬೇಲಿ ಬಂದಿತು. ದನವನ್ನು ಸಾಕುವ ಭಾರವೆಲ್ಲ ಜೋಳದ ಕಣಿಕೆಯ ಮೇಲೆ ಬಿದ್ದದ್ದು ಹೀಗೆ. ಅಂದಿನಿಂದ ಜೋಳ ಹೋಯಿತೆಂದರೆ ಮನುಷ್ಯನಿಗೂ ಎತ್ತಿಗೂ ಒಂದೇ ದಿನ ಉಪವಾಸ.

1876ರಲ್ಲಿ ಮಳೆ ಹೋಯಿತು. ಸೊಲ್ಲಾಪುರ ಮತ್ತು ಅಂದಿನ ಕಲಾದಗಿ ಜಿಲ್ಲೆಗಳು ಮುಂಬಯಿ ಇಲಾಖೆಯಲ್ಲೇ ಹೆಚ್ಚು ಸಂಕಟಪಟ್ಟವು. ದನಗಳನ್ನು ಸಹ್ಯಾದ್ರಿಯ ಕಾಡುಗಳ ಕಡೆಗೆ ಅಟ್ಟಿದರು, ಹೋದವುಗಳಲ್ಲಿ ಬಹಳಷ್ಟು ಮರಳಲಿಲ್ಲ. ಬರದ ಅರ್ಥಶಾಸ್ತ್ರ ನಿರ್ದಯವಾದದ್ದು. ಮಳೆ ತಪ್ಪಿದ ಕೂಡಲೆ ಎಲ್ಲರೂ ಒಟ್ಟಿಗೆ ಎತ್ತು ಮಾರಲು ಸಂತೆಗೆ ಬರುತ್ತಾರೆ, ಬೆಲೆ ಬಿದ್ದುಹೋಗುತ್ತದೆ. ಮಳೆ ಬಿದ್ದ ಕೂಡಲೆ ಎಲ್ಲರೂ ಒಟ್ಟಿಗೆ ಕೊಳ್ಳಲು ಬರುತ್ತಾರೆ, ಬೆಲೆ ಮುಗಿಲಿಗೇರುತ್ತದೆ. ಹಸಿವಿನಲ್ಲಿ ಬದುಕಿದವನು ಹಸಿ ಬಂದಾಗ ಬಿತ್ತಲಾರದೆ ಕೆಡುತ್ತಾನೆ. ಎತ್ತನ್ನು ಅರ್ಧ ಮಾರಲು ಬರುವುದಿಲ್ಲ. ಕುರಿಯ ಹಿಂಡನ್ನು ಒಂದೊಂದಾಗಿ ಮಾರಬಹುದು: ಒಂದು ಟಗರು ಕಣಿಕೆಗೆ, ಇನ್ನೊಂದು ಬೀಜಕ್ಕೆ. ಕುರಿಗೆ ನೀರೂ ಕಡಿಮೆ ಸಾಕು, ಮಡ್ಡಿಯ ಮುಳ್ಳುಗಂಟಿಯ ಸೊಪ್ಪೂ ಸಾಕು. ಹೋರಿಗರು ನೊಗಕ್ಕೆ ಬರಲು ಮೂರು ವರ್ಷ ಬೇಕು; ಕುರಿಮರಿ ವರ್ಷ ತುಂಬುವುದರೊಳಗೇ ಸಂತೆಗೆ ಸಲ್ಲುತ್ತದೆ. ದೊಡ್ಡ ರೋಗ ಕೊಟ್ಟಿಗೆಗೆ ನುಗ್ಗಿ ದನಗಳನ್ನು ಸಾಲಾಗಿ ಕೆಡವಿದ ವರ್ಷಗಳಲ್ಲಿಯೂ ಲೆಕ್ಕ ಇದೇ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಬರಗಳಾದ ಮೇಲೆ ಎತ್ತಿನ ಮನೆಗಳು ಹತ್ತಿಪ್ಪತ್ತು ಕುರಿಗಳನ್ನು ತಮ್ಮ ಹಟ್ಟಿಯಲ್ಲೇ ಕಟ್ಟಿಕೊಂಡದ್ದನ್ನು ವೃತ್ತಿ ಬದಲಾವಣೆಯೆಂದು ಕರೆಯುವುದು ಸರಿಯಲ್ಲ. ಆ ಕುರಿಗಳಿದ್ದದ್ದು ಎತ್ತನ್ನು ಉಳಿಸಿಕೊಳ್ಳುವುದಕ್ಕಾಗಿ. ದನ ಮನೆಯ ಮಾನ, ಕುರಿ ಆ ಮಾನಕ್ಕೆ ಒತ್ತೆ.

ಮನೆಯೊಳಗೆ ಇದರ ಬೆಲೆ ತೆತ್ತವರು ಯಾರು ಎಂಬುದು ಬೇರೆಯ ಪ್ರಶ್ನೆ. ಎತ್ತು ಯಜಮಾನನ ಕೈಕೆಳಗಿನ ಪ್ರಾಣಿ. ಕುರಿಯ ಹಿಂದೆ ಹೋದವರು ಹುಡುಗರು, ಮುದುಕರು, ಕಿರಿಯ ತಮ್ಮಂದಿರು. ಬೆಳಿಗ್ಗೆ ಮರಿಗಳನ್ನು ಬೇರ್ಪಡಿಸಿ ಮುಚ್ಚುವುದು, ಸಂಜೆ ತಾಯಿಗೆ ಬಿಡುವುದು, ರೊಪ್ಪ ಗುಡಿಸುವುದು ಹೆಂಗಸರ ಪಾಲು. ಶಾಲೆ ಬಂದ ಮೇಲೆ ಶಾಲೆಗೆ ಹೋಗದ ಮಗ ಯಾರು ಎಂಬುದನ್ನು ಕುರಿಯೇ ತೀರ್ಮಾನಿಸಿತು. ಪದ್ಮಣ್ಣನ ಕಥೆಯಲ್ಲಿ ಕಿರಿಯವನಿಗೇ ಹುತ್ತ ಒಡೆದದ್ದು ಆಕಸ್ಮಿಕವೆನಿಸುವುದಿಲ್ಲ. ಪುರಾಣ ಅವನನ್ನು ಮೂಲಪುರುಷನನ್ನಾಗಿ ಮಾಡಿತು, ಮನೆ ಅವನನ್ನು ಕುರಿ ಕಾಯಲು ಕಳಿಸಿತು.

ಈ ಸೀಮೆಯ ಪಶುಪಾಲಕರ ಮೂಲದ ಚರ್ಚೆ ಕನ್ನಡದಲ್ಲಿ ಶಂ. ಬಾ. ಜೋಶಿಯವರಿಂದ ಹೊಸ ತಿರುವು ಪಡೆಯಿತು. ಮಹಾರಾಷ್ಟ್ರದ ಹಟಕರರು ಮೂಲದಲ್ಲಿ ಹಟ್ಟಿಕಾರರು, ಹಟ್ಟಿಯೆಂಬುದು ಕನ್ನಡದ ಮಾತು, ಆದ್ದರಿಂದ ಆ ನಾಡಿನ ತಳಪಾಯದಲ್ಲಿ ಕನ್ನಡ ಪಶುಪಾಲಕರಿದ್ದಾರೆ ಎಂಬುದು ಅವರ ವಾದದ ತಿರುಳು. ‘ಕಣ್ಮರೆಯಾದ ಕನ್ನಡ’ದಿಂದ ‘ಹಾಲುಮತ ದರ್ಶನ’ದವರೆಗೆ, ಮರಾಠಿಯಲ್ಲೇ ಬರೆದ ಗ್ರಂಥವೂ ಸೇರಿ, ಅವರು ಈ ಎಳೆಯನ್ನು ಬಿಡಲಿಲ್ಲ. ಗಡಿಯ ವ್ಯಾಜ್ಯಕ್ಕೆ ಈ ವಾದವನ್ನು ಸಾಕ್ಷಿಯಾಗಿ ಎಳೆದು ತಂದವರು ಅದರ ಸೂಕ್ಷ್ಮವನ್ನು ಕಳೆದರು. ಅದನ್ನು ಅಭಿಮಾನದ ಮಾತೆಂದು ತಳ್ಳಿಹಾಕಿದವರೂ ಅಷ್ಟೇ ಅನ್ಯಾಯ ಮಾಡಿದರು. ವಾದದ ನಿಜವಾದ ಬಲ ಇರುವುದು ಹಟ್ಟಿಯೆಂಬ ಶಬ್ದದ ಹರವಿನಲ್ಲಿ. ಹಟ್ಟಿಯೆಂದರೆ ದನದ ಕೊಟ್ಟಿಗೆ, ಕುರಿಯ ರೊಪ್ಪ, ಮನೆಯ ಅಂಗಳ, ಕೆಲವೆಡೆ ಊರೇ. ಯಾವ ಪ್ರಾಣಿಯ ಹಟ್ಟಿಯೆಂದು ಶಬ್ದ ತಾನಾಗಿ ಹೇಳುವುದಿಲ್ಲ. ಜೋಶಿಯವರು ಅದರಲ್ಲಿ ಕುಲವನ್ನು ಹುಡುಕಿದರು. ದನವನ್ನೂ ಕುರಿಯನ್ನೂ ಒಂದೇ ಬೇಲಿಯೊಳಗೆ ಕೂಡಿದ ಒಕ್ಕಲುತನವೂ ಅದರಲ್ಲಿತ್ತು.

ಗುಂಥರ್ ಸೊಂಥೈಮರ್ 1976ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಬಿರೋಬಾ, ಮ್ಹಸ್ಕೋಬಾ, ಖಂಡೋಬಾ ಕುರಿತ ಅಧ್ಯಯನ ಇದಕ್ಕೆ ಹತ್ತಿರ ಬರುತ್ತದೆ. ದನ-ಎಮ್ಮೆಗಳ ಗವಳಿಗಳು, ಕುರಿಯ ಧನಗರರು, ನೇಗಿಲಿನ ಒಕ್ಕಲಿಗರು, ಈ ಮೂವರ ದೈವಗಳು ಒಂದರೊಳಗೊಂದು ಹೆಣೆದುಕೊಂಡಿರುವುದನ್ನು ಅವರು ತೋರಿಸಿದರು. ರಾ. ಚಿಂ. ಢೇರೆಯವರು 1984ರಲ್ಲಿ ಪಂಢರಪುರದ ವಿಠ್ಠಲನ ಹಿಂದೆ ಗವಳಿ-ಧನಗರರ ದೈವವನ್ನು ಕಂಡರು. ಪಟ್ಟಣಕೊಡೋಲಿಯಲ್ಲಿ ವಿಠ್ಠಲ-ಬೀರದೇವರು ಜೋಡಿಯಾಗಿಯೇ ಪೂಜೆ ಕೊಳ್ಳುತ್ತಾರೆ. ದನದ ದೇವರಿಗೂ ಕುರಿಯ ದೇವರಿಗೂ ನಡುವೆ ಗೋಡೆ ಏಳಲಿಲ್ಲವೆಂದರೆ, ಭಕ್ತರ ಹಟ್ಟಿಗಳ ನಡುವೆಯೂ ಅದು ಎದ್ದಿರಲಾರದು.

ಸಾಹಿತ್ಯದ ಸಾಕ್ಷ್ಯ ಬೇಕಾದರೆ ಇದೇ ಮಾಣದೇಶದ ವ್ಯಂಕಟೇಶ ಮಾಡಗೂಳಕರರ ‘ಬನಗರವಾಡಿ’ಯನ್ನು ನೋಡಬಹುದು. 1955ರಲ್ಲಿ ಬಂದ ಈ ಮರಾಠಿ ಕಾದಂಬರಿ ಔಂಧ್ ಸಂಸ್ಥಾನದ ಧನಗರರ ವಾಡಿಯೊಂದರ ಕಥೆ. ಕುರಿಯವರ ಊರಾದರೂ ಅಲ್ಲಿ ಎತ್ತಿಲ್ಲದೆ ಬದುಕಿಲ್ಲ. ಜೋಡಿಯಲ್ಲಿ ಒಂದು ಎತ್ತು ಇಲ್ಲವಾದಾಗ ಶೇಕೂನ ಹೆಂಡತಿ ನೊಗಕ್ಕೆ ತನ್ನ ಹೆಗಲು ಕೊಡುತ್ತಾಳೆ. ಆ ಪ್ರಸಂಗವನ್ನು ವಿಮರ್ಶಕರು ಬಡತನದ ಚಿತ್ರವೆಂದು ಓದಿದ್ದಾರೆ. ಕುರಿಯ ಮನೆ ನೇಗಿಲನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂಬುದಕ್ಕೂ ಅದು ಸಾಕ್ಷಿ. ಕೊನೆಗೆ ಬರ ಬಂದು ಜನ ಕುರಿ ಹೊಡೆದುಕೊಂಡು ಊರು ಬಿಡುತ್ತಾರೆ. ನಡೆಯಬಲ್ಲ ಆಸ್ತಿ ಉಳಿಯುತ್ತದೆ, ಊರು ಉಳಿಯುವುದಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಕ್ಕಡಿ ಮೆಲ್ಲಗೆ ಮಗ್ಗುಲು ಬದಲಿಸಿತು. 1972ರ ಬರ ಅದರ ಒಂದು ಗುರುತು. ಆಮೇಲೆ ಟ್ರಾಕ್ಟರ್ ಬಂದು ರಂಟೆ-ಕುಂಟೆಗಳ ಕೆಲಸ ಕಸಿಯಿತು. ಎರಡು ಎತ್ತಿಗೆ ವರ್ಷವಿಡೀ ಕಣಿಕೆ ಹಾಕಿ ಕೆಲವೇ ವಾರ ದುಡಿಸಿಕೊಳ್ಳುವುದು ಸಣ್ಣ ಹಿಡುವಳಿಗೆ ತಾಳಲಿಲ್ಲ. 2015ರಲ್ಲಿ ಮಹಾರಾಷ್ಟ್ರದ ಪಶುರಕ್ಷಣಾ ತಿದ್ದುಪಡಿಗೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆತ ಮೇಲೆ ಎತ್ತು-ಹೋರಿಗಳೂ ವಧೆಯ ನಿಷೇಧದೊಳಗೆ ಬಂದವು, ಮುದಿಯೆತ್ತಿಗೆ ಸಂತೆಯಲ್ಲಿ ಗಿರಾಕಿ ಇಲ್ಲವಾದ. ದನವನ್ನು ಕಾಯುವ ಉದ್ದೇಶದ ಕಾನೂನು ದನ ಕಟ್ಟುವ ಧೈರ್ಯವನ್ನು ಕುಗ್ಗಿಸಿತೆಂಬುದನ್ನು ಒಪ್ಪಲು ಎಷ್ಟು ಕಷ್ಟವಾದರೂ ಲೆಕ್ಕ ಹಾಗೆಯೇ ಇದೆ. ಖಿಲಾರಿಗೆ ಉಳಿದದ್ದು ಶರ್ಯತ್ತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಬಂಡಿ ಓಟ ನಿಂತಿತು. 2021ರ ಕೊನೆಗೆ ಮತ್ತೆ ಅನುಮತಿ ಸಿಕ್ಕಿತು, 2023ರಲ್ಲಿ ಕಾನೂನು ಊರ್ಜಿತವಾಯಿತು. ಓಟದ ಹೋರಿಗೆ ಇಂದು ದೊಡ್ಡ ಬೆಲೆಯಿದೆ. ಅದು ಉಳುವ ಎತ್ತಲ್ಲ.

ಕುರಿಯ ಕಡೆ ನಡೆದದ್ದು ಇದಕ್ಕೆ ತಿರುಗುಮುರುಗು. ಜತ್ತ ತಾಲ್ಲೂಕಿನ ಮಾಡಗ್ಯಾಳ ಊರಿನ ಹೆಸರು ಹೊತ್ತ ಕುರಿತಳಿ ದಖನಿ ಕರಿಗುರಿಗಿಂತ ಬೇರೆ. ಎತ್ತರದ ನಿಲುವು, ಉದ್ದ ಕಾಲು, ಬಿಳಿಮೈಗೆ ಕಂದು ಮಚ್ಚೆ, ಗಿಣಿಮೂಗು. ಉಣ್ಣೆ ನೆಪಕ್ಕೆ ಮಾತ್ರ; ಕಂಬಳಿ ನೇಯ್ಗೆಗೆ ಬೇಡಿಕೆ ಇಳಿದ ಕಾಲದಲ್ಲಿ ಅದೇ ಅದಕ್ಕೆ ಅನುಕೂಲವಾಯಿತು. ಬೇಗ ಬೆಳೆದು ತೂಕ ತುಂಬುವ ಮಾಡಗ್ಯಾಳ ಟಗರಿಗೆ ಗಡಿಯ ಎರಡೂ ಕಡೆ ಹೆಸರಿದೆ. ಇದನ್ನು ಕಟ್ಟಿದವರಲ್ಲಿ ಕುರುಬರಷ್ಟೇ ಇಲ್ಲ, ಅಜ್ಜಂದಿರ ಕಾಲದಲ್ಲಿ ಖಿಲಾರಿ ಆಕಳು ಸಾಕುತ್ತಿದ್ದ ಮನೆಗಳೂ ಇವೆ. ಅಲ್ಲಿ ಕುರಿ ಈಗ ಒತ್ತೆಯಲ್ಲ, ಅಸಲು. ದ್ರಾಕ್ಷಿ, ದಾಳಿಂಬೆ ತೋಟದವರು ಹಿಕ್ಕೆಯನ್ನು ಲೋಡುಗಟ್ಟಲೆ ಕೊಳ್ಳುತ್ತಾರೆ. ಜೋಳದ ಲೆಕ್ಕದಲ್ಲಿ ಹಿಂಡು ತರುಬಿಸುವ ಪದ್ಧತಿ ನಗದಿಗೆ ತಿರುಗಿದೆ. ಒಂದೇ ಒಂದು ಎತ್ತನ್ನೋ ಆಕಳನ್ನೋ ಇನ್ನೂ ಕಟ್ಟಿಕೊಂಡಿರುವ ಮನೆಯಲ್ಲಿ ಅದರ ಕಣಿಕೆಯ ಖರ್ಚು ಕುರಿಯ ಹಣದಿಂದ ಬರುತ್ತದೆ.

2022ರ ಕೊನೆಗೆ ಜತ್ತದ ಊರುಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಬಂದಿತು. ಬರಗಾಲದಲ್ಲಿ ನಲವತ್ತು ಊರುಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವೆಂಬ ಮಾತು ಅಂದಿನ ಕರ್ನಾಟಕದ ಮುಖ್ಯಮಂತ್ರಿಗಳಿಂದ ಬಂದು, ವಾದ ಬಿಸಿಯೇರಿತು. ಚರ್ಚೆಯೆಲ್ಲ ಭಾಷೆಯ ಸುತ್ತ ನಡೆಯಿತು, ಊರವರು ಕೇಳುತ್ತಿದ್ದದ್ದು ನೀರು. ನೀರು ಬಂದ ಕಡೆ ಮಡ್ಡಿ ತೋಟವಾಗುತ್ತದೆ, ಜೋಳ ಹಿಂದೆ ಸರಿಯುತ್ತದೆ, ಜೋಳದೊಡನೆ ಕಣಿಕೆ ಹೋಗುತ್ತದೆ. ಆಗ ಕೊಟ್ಟಿಗೆಗೆ ಬರುವುದು ಖಿಲಾರಿಯಲ್ಲ, ಡೇರಿಯ ಮಿಶ್ರತಳಿ. ಬಾಗಿಲಿಗೆ ಬೇಲಿ ಬಿದ್ದ ಮೇಲೆ ಕುರಿಗೆ ಹಾದಿಯೂ ಉಳಿಯುವುದಿಲ್ಲ. ದನ-ಕುರಿಗಳೆರಡನ್ನೂ ಹೊತ್ತ ಹಟ್ಟಿ ಬರದ ನಾಡಿನ ಕೂಸು. ಬರ ನೀಗಲಿ ಎಂದು ಬಯಸುವವರು ಅದರ ಅಳಿವನ್ನೂ ಎದುರಿಸಬೇಕಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸುವ ಹಕ್ಕು ಆ ಊರುಗಳಿಗೆ ಮಾತ್ರ ಸೇರಿದ್ದು.

ಮಾತು ಮಾತ್ರ ನಿಧಾನವಾಗಿ ಸವೆಯುತ್ತದೆ. ದೀಪಾವಳಿಯ ಅಮಾವಾಸ್ಯೆಗೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ಮಹಾಳಿಂಗರಾಯನ ಜಾತ್ರೆ ನೆರೆಯುತ್ತದೆ. ಆ ರಾತ್ರಿ ಶಿವನೇ ಬಂದು ಮಹಾಳಿಂಗರಾಯನಿಗೆ ಮುಂಡಾಸು ಸುತ್ತುತ್ತಾನೆಂದು ನಂಬಿಕೆ. ಮರುದಿನ ಸುತ್ತಲಿನ ಊರುಗಳ ದೇವರ ಪಲ್ಲಕ್ಕಿಗಳು ಭಂಡಾರದ ಹಳದಿಯಲ್ಲಿ ಒಂದನ್ನೊಂದು ಕೂಡುತ್ತವೆ, ಡೊಳ್ಳಿನ ಮೇಲೆ ಕನ್ನಡದ ಹಾಡು ಏಳುತ್ತದೆ. ಅದೇ ಪಾಡ್ಯದ ದಿನ ಗಡಿಯ ಈಚೆಯ ಉತ್ತರ ಕರ್ನಾಟಕದ ಒಕ್ಕಲಿಗರ ಅಂಗಳಗಳಲ್ಲಿ ಸಗಣಿಯ ಹಟ್ಟೆವ್ವನನ್ನೂ ಪಾಂಡವರನ್ನೂ ಮಾಡಿ ಹೂ ಸಿಕ್ಕಿಸುತ್ತಾರೆ. ಅದರ ಹೆಸರು ಹಟ್ಟಿ ಹಬ್ಬ. ಕುರುಬರ ಓಣಿಗಳಲ್ಲಿ ಆ ದಿನಗಳಲ್ಲೇ ಕುರಿ ಬೆದರಿಸುತ್ತಾರೆ. ಶೃಂಗರಿಸಿದ ಹಿಂಡು ಗದ್ದಲಕ್ಕೆ ಬೆಚ್ಚಿ ಹಾರಿ ಓಡುತ್ತದೆ. ಮರಾಠಿಯಲ್ಲಿಯೂ ಅದಕ್ಕೆ ಇರುವ ಮಾತಿನ ಅರ್ಥ ಬೆದರಿಸುವುದೆಂದೇ. ಎರಡನ್ನೂ ಕಟ್ಟಿದ ಮನೆಯಲ್ಲಿ ಬೆಳಿಗ್ಗೆ ಸಗಣಿಯ ಹಟ್ಟೆವ್ವ ಬಾಗಿಲಿಗೆ ಬರುತ್ತಾಳೆ, ಸಂಜೆ ಕುರಿ ಅದೇ ಬಾಗಿಲ ಮುಂದೆ ಹಾರುತ್ತದೆ.